ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು

ನಾವು ಕಾರು ಹುಡುಕಲು ಹೊರಟದ್ದು ಜುಲೈ ತಿಂಗಳಲ್ಲಿರಬೇಕು. ಹೆಂಡತಿಯನ್ನು ಕೇಳಿದರೆ ಆಗಸ್ಟ್ ಎನ್ನುತ್ತಾಳೆ, ಸಾಮಾನ್ಯವಾಗಿ ಅವಳು ಹೇಳಿದ್ದೇ ಸರಿಯಾಗಿರುತ್ತದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ನಾನು ಕಲಿತದ್ದು ಒಂದೇ: ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಸಂಶಯದಿಂದ ನೋಡಬೇಕು, ಆ ಕಂಡವನು ನಾವೇ ಆಗಿದ್ದರೆ ಇನ್ನೂ ಹೆಚ್ಚು. ಈ ವಿದ್ಯೆಯಿಂದ ನೌಕರಿ ಸಿಗಲಿಲ್ಲ. ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ಸುತ್ತೋಲೆಗಳನ್ನು ಅನುವಾದ ಮಾಡುತ್ತಾ ವಯಸ್ಸು ಕಳೆದಿದೆ.

ಕಾರು ಬೇಕಾಗಿದ್ದದ್ದು ನನಗಲ್ಲ, ಅವಳಿಗೆ. ನಮ್ಮ ಮನೆ ಮುಂಬಯಿಯ ಹೊರಗೆ, ಡೊಂಬಿವಲಿಯಲ್ಲಿ. ಅವಳ ಕೆಲಸ ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ರಕ್ತದ ತೆಳ್ಳನೆಯ ಪದರವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಓದುವ ಕೆಲಸ. ಮದುವೆಗೆ ಮುಂಚಿನಿಂದಲೂ ಅದನ್ನೇ ಮಾಡುತ್ತಿದ್ದಳು, ಅದರಲ್ಲಿ ಅವಳಿಗೆ ಬೇಸರವಾದದ್ದನ್ನು ನಾನು ಕಂಡಿಲ್ಲ. ಬೆಳಗಿನ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಅವಳದೊಂದು ಗುಂಪಿತ್ತು. ಯಾರು ಎಲ್ಲಿಯವರೆಗೆ ಕೂರಬೇಕು, ಯಾರಿಗೆ ಎಲ್ಲಿ ಎದ್ದು ಸೀಟು ಕೊಡಬೇಕು ಎಂಬ ಲೆಕ್ಕ ಅವರೊಳಗೇ ನಡೆಯುತ್ತಿತ್ತು. ಒಂದು ದಿನ ಠಾಣೆ ರೈಲು ನಿಲ್ದಾಣದಲ್ಲಿ ಇಳಿಯುವವರೂ ಹತ್ತುವವರೂ ಒಮ್ಮೆಗೇ ನುಗ್ಗಿದಾಗ ಅವಳ ದೇಹ ಒಂದು ಕಡೆಗೂ ಬ್ಯಾಗು ಇನ್ನೊಂದು ಕಡೆಗೂ ಹೋದವು. ಬೆನ್ನಿನಲ್ಲಿ ಏನೋ ಸರಿಯಿತು. ಡಿಸ್ಕ್ ಎಂದರು. ನಿಂತು ಪ್ರಯಾಣ ಮಾಡಬಾರದು, ನೂಕುನುಗ್ಗಲಂತೂ ಬೇಡವೇ ಬೇಡ ಎಂದು ಹೇಳಿದ ಡಾಕ್ಟರು ಪರೇಲಿನ ಪಕ್ಕದ ದಾದರಿನಲ್ಲಿ ಮನೆಯಿದ್ದವರು.

ಅವಳ ರಜೆಗಳೆಲ್ಲ ಮುಗಿದಿದ್ದವು. ಗಣಪತಿ ಹಬ್ಬ ಕಳೆಯುವುದರೊಳಗೆ ಕೆಲಸಕ್ಕೆ ಬಾ, ಆಗದಿದ್ದರೆ ಸ್ವಯಂನಿವೃತ್ತಿ ತೆಗೆದುಕೋ ಎಂದು ಆಸ್ಪತ್ರೆಯವರು ಹೇಳಿದ್ದರು. ಮೆಲ್ಲಗೇ ಹೇಳಿದ್ದರು. ಪರೇಲಿನ ಹತ್ತಿರ ಬಾಡಿಗೆಗೆ ಮನೆ ಹಿಡಿಯುವುದು ನಮ್ಮಿಂದಾಗದ ಮಾತು, ದಿನವೂ ಟ್ಯಾಕ್ಸಿಯಲ್ಲಿ ಹೋಗುವುದು ಇನ್ನೂ ಆಗದ ಮಾತು. ಉಳಿದದ್ದು ಒಂದೇ ದಾರಿ. ಅಗ್ಗದ ಹಳೆಯ ಕಾರು, ಅದೂ ಗ್ಯಾಸಿನಲ್ಲಿ ಓಡುವಂಥದ್ದು. ನಾನು ಅವಳನ್ನು ಪರೇಲಿನಲ್ಲಿ ಇಳಿಸಿ ಫೋರ್ಟಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು.

ಕಲ್ಯಾಣ್–ಶಿಲ್ ರಸ್ತೆಯ ಬದಿಯಲ್ಲಿ ಹಳೆಯ ಕಾರು ಮಾರುವ ಅಂಗಳಗಳು ಒಂದರ ಪಕ್ಕ ಒಂದಿವೆ. ಎಲ್ಲ ಕಾರುಗಳೂ ತೊಳೆದುಕೊಂಡು, ಟೈರಿಗೆ ಕಪ್ಪು ಬಳಿಸಿಕೊಂಡು ಮದುವೆಯ ದಿಬ್ಬಣದ ಹಾಗೆ ನಿಂತಿರುತ್ತವೆ. ನಾವು ಎಂಜಿನ್ನಿಗಿಂತ ಮೊದಲು ಸೀಟು ನೋಡುತ್ತಿದ್ದೆವು. ಕಡಿಮೆ ಇಂಧನ ಕುಡಿಯುವ ಚಿಕ್ಕ ಕಾರುಗಳೆಲ್ಲ ನೆಲಕ್ಕೆ ಅಂಟಿಕೊಂಡಂತಿದ್ದವು. ಅವುಗಳೊಳಗೆ ಕೂರುವುದು ಹೇಗೋ ಆಗುತ್ತಿತ್ತು, ಏಳುವುದು ಅವಳಿಂದ ಆಗುತ್ತಿರಲಿಲ್ಲ. ಡಬ್ಬಿಯ ಹಾಗೆ ಎತ್ತರವಾಗಿರುವ ಒಂದು ಬಗೆಯ ಕಾರಿದೆ. ಅದರ ಸೀಟು ಕುರ್ಚಿಯ ಎತ್ತರದಲ್ಲಿರುತ್ತದೆ, ಕಾಲು ಬಾಗಿಸದೆ ಹಾಗೇ ಸರಿದು ಕೂರಬಹುದು. ಅದೇ ಬೇಕೆಂದು ನಿಶ್ಚಯಿಸಿದೆವು. ಅದಕ್ಕೆ ಬೇಡಿಕೆ ಎಷ್ಟೆಂಬುದು ಆಮೇಲೆ ತಿಳಿಯಿತು.

ಒಬ್ಬ ವ್ಯಾಪಾರಿ ಬಾಗಿಲು ತೆರೆದು ಹಿಡಿದು ಹೇಳಿದ: “ಡಾಕ್ಟರ್ ಕೀ ಗಾಡಿ ಹೈ, ಸಾಬ್. ಕ್ಲಿನಿಕ್ ಸೇ ಘರ್, ಘರ್ ಸೇ ಕ್ಲಿನಿಕ್. ಬಸ್.”

ಅದಕ್ಕೂ ಹಿಂದಿನ ಅಂಗಳದಲ್ಲಿ ನೋಡಿದ್ದೂ ಡಾಕ್ಟರದೇ. ಅದರ ಹಿಂದಿನದೂ.

“ಮುಂಬಯಿಯ ಡಾಕ್ಟರುಗಳೆಲ್ಲ ಕಾರು ಮಾರಿ ನಡೆದು ಹೋಗ್ತಿದ್ದಾರಾ ಹೇಗೆ?” ಎಂದೆ ನಾನು ಕನ್ನಡದಲ್ಲಿ.

“ಡಾಕ್ಟರ ಕಾರು ಅಂದ್ರೆ ಒಳ್ಳೇದು ಅಂತ ಯಾರು ಹೇಳಿದ್ದು?” ಎಂದಳು ಅವಳು. “ನಮ್ಮ ಆಸ್ಪತ್ರೆಯ ಪಾರ್ಕಿಂಗಿಗೆ ಬನ್ನಿ, ತೋರಿಸ್ತೇನೆ. ಸೀಟಿನ ಕೆಳಗೆ ವಡಾಪಾವಿನ ಕಾಗದ ರಾಶಿ ಬಿದ್ದಿರ್ತದೆ. ಅದರಲ್ಲೂ ಹೃದಯದ ಡಾಕ್ಟರದ್ದು!”

ಅಂದು ಅವಳು ನಕ್ಕದ್ದು ನೆನಪಿದೆ. ನಕ್ಕಾಗ ಬೆನ್ನು ಹಿಡಿದುಕೊಂಡದ್ದೂ.

ನಾನು ಸುಮ್ಮನೆ ನೋಡಿ ಬರುವವನಲ್ಲ. ಮುಂಬಯಿಯಲ್ಲಿ ಹಳೆಯ ಕಾರು ಕೊಳ್ಳುವವನು ಹೆದರಬೇಕಾದದ್ದು ನೀರಿಗೆ. ಮಳೆಯ ನೀರಿನಲ್ಲಿ ಮುಳುಗಿದ ಕಾರುಗಳು ತೊಳೆಸಿಕೊಂಡು, ಹೊಸ ಸೀಟುಬಟ್ಟೆ ಹಾಕಿಸಿಕೊಂಡು, ಸುಗಂಧದ ಶೀಶೆ ನೇತುಹಾಕಿಕೊಂಡು ಬಜಾರಿಗೆ ಬರುತ್ತವೆ. ಒಳಗಿನ ತಂತಿಗಳು ಮಾತ್ರ ಮೆಲ್ಲಗೆ ಕೊಳೆಯುತ್ತಾ ಇರುತ್ತವೆ. ಇದನ್ನು ಕಂಡುಹಿಡಿಯುವ ಉಪಾಯವನ್ನು ಯಾರೋ ಹೇಳಿದ್ದರು, ಅಥವಾ ಫೋನಿನಲ್ಲಿ ನೋಡಿದ್ದೆ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಎಲ್ಲವನ್ನೂ ತೊಳೆಯುವ ವ್ಯಾಪಾರಿ ಬಾಗಿಲ ಪಕ್ಕದ ಕಂಬದೊಳಗೆ ಸುತ್ತಿಕೊಂಡಿರುವ ಬೆಲ್ಟನ್ನು ತೊಳೆಯುವುದಿಲ್ಲ. ಕೆಸರುನೀರು ಕುಡಿದ ಬೆಲ್ಟಿನಲ್ಲಿ ಕಂದು ಬಣ್ಣದ ಗೆರೆ ಉಳಿದೇ ಉಳಿಯುತ್ತದೆ.

ನಾನು ಎಲ್ಲ ಕಾರಿನ ಬೆಲ್ಟುಗಳನ್ನೂ ಎಳೆದೆ. ವ್ಯಾಪಾರಿಗಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ಎರಡು ಕಾರುಗಳಲ್ಲಿ ಗೆರೆ ಸಿಕ್ಕಿತು, ಒಂದರಲ್ಲಿ ಒಣಗಿದ ಹುಲ್ಲಿನ ಎಸಳೂ ಸಿಕ್ಕಿತು. ಗೆರೆ ಇಲ್ಲದ ಕಾರುಗಳು ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಎಟುಕಿದ ಒಂದರ ಗ್ಯಾಸ್ ಸಿಲಿಂಡರಿನ ಪರೀಕ್ಷೆಯ ಅವಧಿ ಎಂದೋ ಮುಗಿದಿತ್ತು. ಪ್ರತಿ ಭಾನುವಾರ ಹೋಗುವುದು, ಎಳೆಯುವುದು, ಬರುವುದು. ಗಣಪತಿ ಹತ್ತಿರವಾಗುತ್ತಿತ್ತು.

ಆಗ ಅವಳ ಸೋದರಮಾವನ ಫೋನು ಬಂತು.

ಈ ಮಾವನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದು ಮೈಸೂರು ಕಡೆಯ ಮನೆತನ. ನಮ್ಮಲ್ಲಿ ಸೋದರಮಾವ ಎಂದರೆ ಮದುವೆಯಲ್ಲಿ ಸೀರೆ ತರುವ ನೆಂಟ. ಅವಳು ಉಡುಪಿ ಕಡೆಯವಳು. ಅವರಲ್ಲಿ ತಾಯಿಯ ಅಣ್ಣ ಎಂದರೆ ಮನೆಯ ಯಜಮಾನ, ಅವನ ಮಾತೇ ಮಾತು. ಅದರ ಮೇಲೆ ಇವಳು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವಳು. ಮಾವ ಇವಳನ್ನೂ ಇವಳ ತಾಯಿಯನ್ನೂ ಮುಂಬಯಿಗೆ ಕರೆತಂದು, ಸಾಂತಾಕ್ರೂಜ್‌ನ ತಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಟ್ಟು ಸಾಕಿದರು. ಹುಡುಗಿಗೆ ಯಾಕೆ ಓದು, ಮದುವೆ ಮಾಡಿ ಕಳಿಸಿ ಎಂದ ನೆಂಟರನ್ನೆಲ್ಲ ಬೈದು ಲ್ಯಾಬಿನ ಕೋರ್ಸಿಗೆ ಸೇರಿಸಿದವರು ಅವರೇ. ಅವಳು ಉಳಿಸಿಕೊಳ್ಳಬೇಕೆಂದು ಒದ್ದಾಡುತ್ತಿದ್ದ ಆ ಕೆಲಸವೂ ಒಂದು ಲೆಕ್ಕದಲ್ಲಿ ಮಾವ ಕೊಟ್ಟದ್ದೇ.

ಫೋನಿನಲ್ಲಿ ಅವರ ದನಿ ನನಗೂ ಕೇಳಿಸುತ್ತಿತ್ತು. “ಎಂತದು, ಗಂಡ ಹೆಂಡತಿ ಬಜಾರದಲ್ಲಿ ಕಂಡವರ ಗಾಡಿ ನೋಡ್ತಾ ತಿರುಗ್ತೀರಂತೆ? ನಮ್ಮದು ಇಲ್ಲಿ ಸುಮ್ಮನೆ ನಿಂತದೆ. ನನಗೆ ಕಣ್ಣು ಮಂಜು, ಮಗ ದೊಡ್ಡ ಗಾಡಿ ತಕೊಂಡ. ಬಂದು ಕೊಂಡು ಹೋಗಿ.”

ಮಾವನ ಕಾರು ಅದೇ ಎತ್ತರದ ಡಬ್ಬಿ. ಗ್ಯಾಸಿನದು. ವಾಶಿ ಮಾರುಕಟ್ಟೆಯಿಂದ ಹೋಟೆಲಿಗೆ ತರಕಾರಿ ತರುತ್ತಿದ್ದ ಕಾರು. ಹೆಂಡತಿ ಫೋನಿಟ್ಟು ಗೋಡೆಗೆ ಒರಗಿದಳು. ಅವಳ ಮುಖದಲ್ಲಿ ತಿಂಗಳುಗಳಿಂದ ಕಾಣದ ಒಂದು ಬೆಳಕಿತ್ತು. ನಾನು ಆಗಲೇ ಬಾಯಿ ತೆರೆದೆ.

“ಆ ಕಾರು ನೀರಲ್ಲಿ ಮುಳುಗಿತ್ತಲ್ಲವೇನೇ?”

“ಯಾವಾಗ?”

“ಆ ದೊಡ್ಡ ಮಳೆ ಬಂತಲ್ಲ, ಆಗ. ಟ್ರೇನು ನಿಂತುಹೋಗಿ ನಾನು ನಡ್ಕೊಂಡು ಮಾವನ ಬಿಲ್ಡಿಂಗಿಗೆ ಹೋಗಿದ್ದೆ. ಕಾಂಪೌಂಡಿನ ತುಂಬಾ ನೀರು. ಬಿಳಿ ಕಾರು ನಿಂತಿತ್ತು. ಬಾಗಿಲವರೆಗೂ ನೀರು.”

“ಅದು ಮೇಲಿನ ಮಾಳಿಗೆಯ ಗುಜರಾತಿಯವರದ್ದು.”

“ಮಾವನದು ಕಣೇ. ಅದರ ಚಕ್ರದ ಹತ್ತಿರ ಒಂದು ತೆಂಗಿನಕಾಯಿ ತೇಲ್ತಾ ಇತ್ತು. ಬಾಗಿಲಿಗೆ ಬಡೀತಾ ಇತ್ತು. ನನಗೆ ಚೆನ್ನಾಗಿ ನೆನಪಿದೆ.”

“ಹೋದ ಸಲ ನೀವು ಈ ಕತೆ ಹೇಳುವಾಗ ತೇಲಿದ್ದು ಚಪ್ಪಲಿ.”

ನಿಜ, ಹಿಂದೆ ಚಪ್ಪಲಿ ಎಂದಿದ್ದೆ.

“ನಮ್ಮ ಮದುವೆಯ ದಿನ ಮಳೆ ಬಂದಿತ್ತು ಅಂತ ಎಲ್ಲರ ಹತ್ರ ಹೇಳ್ತೀರಿ. ಮೇ ತಿಂಗಳ ಸೆಕೆಗೆ ಭಟ್ರು ಹೋಮದ ಎದುರು ತಲೆ ತಿರುಗಿ ಬಿದ್ದದ್ದು ಮಾತ್ರ ನಿಮಗೆ ನೆನಪಿಲ್ಲ.”

ಆದರೂ ನನ್ನೊಳಗೆ ಆ ನೀರು ಸ್ಪಷ್ಟವಾಗಿತ್ತು. ಅದರ ಬಣ್ಣ, ಮೇಲೆ ತೇಲುತ್ತಿದ್ದ ಎಣ್ಣೆಯ ಪೊರೆ, ಬಾಗಿಲಿಗೆ ಮೆಲ್ಲನೆ ಬಡಿಯುತ್ತಿದ್ದ ತೆಂಗಿನಕಾಯಿಯ ಸದ್ದು, ಎಲ್ಲವೂ. ಆದರೆ ಸ್ಪಷ್ಟವಾಗಿರುವುದು ನಿಜದ ಗುರುತಲ್ಲ ಎಂದು ನಾನೇ ಎಷ್ಟು ಮಂದಿಯ ಹತ್ತಿರ ವಾದಿಸಿಲ್ಲ! ಗುಜರಾತಿಯವರ ಕಾರನ್ನು ನೋಡಿ ಮಾವನದೆಂದು ಸೇರಿಸಿಕೊಂಡಿರಬಹುದು. ಚಪ್ಪಲಿ ವರ್ಷಗಳು ಕಳೆದಂತೆ ತೆಂಗಿನಕಾಯಿಯಾಗಿರಬಹುದು. ಮಾವ ಹೋಟೆಲಿನವರಾದ್ದರಿಂದ ತೆಂಗಿನಕಾಯಿ ಅವರಿಗೆ ಹೊಂದುತ್ತದೆ.

“ಒಂದು ಮಾತು ಕೇಳಿಬಿಡೋಣ,” ಎಂದೆ. “ನೀರು ಬಂದಿತ್ತಾ ಅಂತ.”

“ಮಾವನ ಹತ್ರವಾ? ನೀರು ಕುಡಿದ ಗಾಡಿ ನನಗೆ ಕೊಡ್ತೀರಾ ಅಂತ ಕೇಳುವುದಾ?” ಅವಳ ದನಿ ಏರಲಿಲ್ಲ, ಆರಿತು. “ನಿಮಗೆ ಅದು ಗೊತ್ತಾಗ್ಲಿಕ್ಕಿಲ್ಲ. ಬಿಡಿ.”

ಭಾನುವಾರ ಬಾಡಿಗೆ ಕಾರಿನಲ್ಲಿ ಸಾಂತಾಕ್ರೂಜ್‌ಗೆ ಹೋದೆವು. ಮಾವ ಹೋಟೆಲಿನ ಗಲ್ಲೆಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರೂ ಅದರ ಪಕ್ಕದ ಕುರ್ಚಿಯನ್ನು ಬಿಟ್ಟಿರಲಿಲ್ಲ. ಹೊಟ್ಟೆ ದೊಡ್ಡದು, ಅಂಗಿ ಬಿಳಿ, ಹಣೆಗೆ ಗಂಧ. ನಮ್ಮನ್ನು ಒಳಗಿನ ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಕೇಳದೆಯೇ ಬನ್ಸು ತರಿಸಿದರು.

“ಪ್ರೊಫೆಸರ್ರೇ,” ಎಂದರು. ನಾನು ಪ್ರೊಫೆಸರನಲ್ಲ ಎಂದು ಅವರಿಗೆ ಗೊತ್ತು. ಗೊತ್ತಿರುವುದರಿಂದಲೇ ಹಾಗೆ ಕರೆಯುವುದು. “ಬಜಾರದಲ್ಲಿ ನೀವು ಬೆಲ್ಟು ಎಳೀತೀರಂತೆ? ಕಾರು ಕೊಳ್ಳುವವರಾ, ಹಸುವಿನ ಹಾಲು ಕರೆಯುವವರಾ?”

ಗಲ್ಲೆಯಲ್ಲಿದ್ದ ಮಗನೂ ನಕ್ಕ. ನಾನೂ ನಕ್ಕೆ. ಆಮೇಲೆ, “ಮಾವ, ಒಂದ್ಸಲ ಯಾರಾದರೂ ಮೆಕ್ಯಾನಿಕ್‌ಗೆ...” ಎಂದೆ.

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ಒಂದು ಹನಿ ಚಟ್ನಿಯನ್ನು ಬಟ್ಟೆ ತೆಗೆದುಕೊಂಡು ತಾವೇ ಒರೆಸಿದರು. “ತೋರಿಸಿ. ತೋರಿಸಲೇಬೇಕು. ವ್ಯವಹಾರ ಅಂದ್ರೆ ವ್ಯವಹಾರ,” ಎಂದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

“ಬೇಡ ಮಾವ,” ಎಂದಳು ಹೆಂಡತಿ. “ಇವರಿಗೆ ದೇವರ ಮೂರ್ತಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡ್ಬೇಕು. ನೀವು ತಲೆಗೆ ಹಾಕ್ಕೊಳ್ಬೇಡಿ.”

“ನಾನು ಎಂತದೂ ಹಾಕ್ಕೊಳ್ಳಲಿಲ್ಲ.”

“ಮಾವ, ಆ ದೊಡ್ಡ ಮಳೆಯಲ್ಲಿ...” ಎಂದು ನಾನು ಮತ್ತೆ ತೊಡಗಿದೆ. ಮೇಜಿನ ಕೆಳಗೆ ಅವಳ ಕಾಲು ನನ್ನ ಕಾಲನ್ನು ತುಳಿಯಿತು. “ಮಳೆಯಲ್ಲಿ ಹೋಟೆಲು ಹೇಗೆ ನಡೆಯಿತು?” ಎಂದು ಮುಗಿಸಿದೆ.

“ನಡೀತದೆ ಮಾರಾಯ್ರೆ. ಮಳೆ ಬಂದ್ರೆ ಜನಕ್ಕೆ ಹಸಿವು ಜಾಸ್ತಿ,” ಎಂದರು ಅವರು.

ಬೆಲೆ ಹೇಳಲು ಅವರು ಒಪ್ಪಲೇ ಇಲ್ಲ. ನಮಗೆ ತೋರಿದ್ದನ್ನು ಲಕೋಟೆಯಲ್ಲಿಟ್ಟು ಕೊಟ್ಟೆವು. ತೆರೆಯದೆ ಮಗನ ಕಡೆಗೆ ಸರಿಸಿದರು. ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದು ಬಂದು, ವೀಳ್ಯದೆಲೆಯ ಮೇಲೆ ಅಡಿಕೆ, ಅಡಿಕೆಯ ಪಕ್ಕದಲ್ಲಿ ಕಾರಿನ ಕೀ ಇಟ್ಟು ಸೋದರಸೊಸೆಯ ಕೈಗೆ ಕೊಟ್ಟರು. ಅವಳು ಕಾಲಿಗೆರಗಲು ಹೋದಾಗ, “ಬಗ್ಗಬೇಡ, ಬಗ್ಗಬೇಡ. ನಿನಗೆ ಬೆನ್ನು,” ಎಂದು ತಡೆದರು. ಅವಳ ಕಣ್ಣು ತುಂಬಿತು. ಸೋದರಮಾವ ವೀಳ್ಯದ ಮೇಲೆ ಇಟ್ಟುಕೊಟ್ಟದ್ದನ್ನು ತಿರುಗಿಸಿ ನೋಡುವುದಿಲ್ಲ, ಹಿಂದಕ್ಕೆ ಕೊಡುವುದೂ ಇಲ್ಲ ಎಂದು ಆ ಸಂಜೆ ದಾರಿಯಲ್ಲಿ ಅವಳು ನನಗೆ ತಿಳಿಸಿ ಹೇಳಿದಳು. ನಾನು ಬೆಲ್ಟನ್ನು ಎಳೆದು ನೋಡಲಿಲ್ಲ. ಎಳೆಯಬೇಡ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲ ಕೆಲವು ವಾರ ಚೆನ್ನಾಗಿದ್ದವು ಎಂದೇ ನನ್ನ ನೆನಪು. ಗಣಪತಿಗೆ ಮುಂಚೆಯೇ ಅವಳು ಕೆಲಸಕ್ಕೆ ಹೋದಳು. ಬೆಳಕು ಹರಿಯುವ ಹೊತ್ತಿಗೆ ಹೊರಟು, ಶಿಲ್‌ಫಾಟಾ ದಾಟಿ, ಐರೋಲಿ ಸೇತುವೆ ಹತ್ತಿ, ಮುಲುಂಡಿನಲ್ಲಿ ದೊಡ್ಡ ರಸ್ತೆಗೆ ಸೇರುತ್ತಿದ್ದೆವು. ಈಗ ಸಣ್ಣ ಕಾರುಗಳಿಗೆ ಅಲ್ಲಿ ಟೋಲೂ ಇಲ್ಲ. ಗ್ಯಾಸಿನ ಸರದಿಯಲ್ಲಿ ಕಾಯಬೇಕಾಗಿತ್ತು ಎಂಬುದನ್ನು ಬಿಟ್ಟರೆ ಕಾರು ಕುಡಿಯುತ್ತಿದ್ದದ್ದು ಬಹಳ ಕಡಿಮೆ. ಅವಳು ಸಂಜೆ ಕಾರು ಹತ್ತಿದವಳೇ ಲ್ಯಾಬಿನ ಕತೆ ಶುರುಮಾಡುತ್ತಿದ್ದಳು. ಹಳೆಯ ಸೂಕ್ಷ್ಮದರ್ಶಕದ ಮುಂದೆ ಅವಳ ಕುರ್ಚಿಯನ್ನು ಯಾರೂ ತೆಗೆದುಕೊಂಡಿರಲಿಲ್ಲವಂತೆ. ಡಿಕ್ಕಿಯಿಂದ ಇನ್ನೂ ಕೊತ್ತಂಬರಿ ಸೊಪ್ಪಿನ ವಾಸನೆ ಬರುತ್ತಿತ್ತು. ಕೊತ್ತಂಬರಿಯ ಕೆಳಗೆ ಇನ್ನೊಂದು ವಾಸನೆ ಇತ್ತೇ? ಇತ್ತು ಎಂದು ಈಗ ಅನಿಸುತ್ತದೆ. ಈಗ ಅನಿಸುವುದಕ್ಕೆ ಬೆಲೆಯಿಲ್ಲ.

ಆಮೇಲೆ ಕಾರು ತನ್ನಷ್ಟಕ್ಕೆ ತಾನು ಏನೇನೋ ಮಾಡತೊಡಗಿತು. ಕಿಟಕಿಯ ಗಾಜು ಮುಟ್ಟದೆಯೇ ಇಳಿಯಿತು. ಒಂದು ದಿನ ಸಾಯನ್ ಹತ್ತಿರ ಹಾರ್ನ್ ತಾನಾಗಿ ಕೂಗಲು ಶುರುವಾಗಿ ನಿಲ್ಲಲೇ ಇಲ್ಲ. ಮುಂದಿದ್ದ ರಿಕ್ಷಾದವನು ಇಳಿದು ಬಂದು ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ವಿಚಾರಿಸಿದ. ಡೊಂಬಿವಲಿಯ ಒಬ್ಬ ಮೆಕ್ಯಾನಿಕ್ ಇದು ಗ್ಯಾಸ್ ಕಿಟ್ಟಿನ ದೋಷ ಎಂದ. ಇನ್ನೊಬ್ಬ ಇಲಿ ತಂತಿ ಕಡಿದಿದೆ ಎಂದು ಇಲಿಯ ವಿಷವನ್ನೂ ತಾನೇ ಮಾರಿದ. ಮೂರನೆಯವನು, “ಪುರಾನೀ ಹೈ, ಸಾಬ್, ಔರ್ ಕ್ಯಾ,” ಎಂದು ಗಾಡಿಯ ವಯಸ್ಸನ್ನೇ ದೂರಿದ. ಮೂವರನ್ನೂ ನಂಬಲಾಗಲಿಲ್ಲ, ಮೂವರಿಗೂ ದುಡ್ಡು ಕೊಟ್ಟೆ. ನೀರು ಎಂಬ ಮಾತನ್ನು ಮನೆಯಲ್ಲಿ ನಾನೂ ಆಡಲಿಲ್ಲ, ಅವಳೂ ಆಡಲಿಲ್ಲ.

ರಸ್ತೆಗಳಂತೂ ಮಳೆ ತೊಳೆದು ಬಿಟ್ಟಿದ್ದ ಗುಂಡಿಗಳಾಗಿದ್ದವು. ರೈಲಿನಲ್ಲಿ ನಿಂತರೆ ಬರುವ ನೋವು ಇಲ್ಲಿ ಕುಳಿತೇ ಬರುತ್ತಿತ್ತು. ಬೆನ್ನಿಗೆ ದಪ್ಪ ದಿಂಬು ಕೊಟ್ಟು, ಮೊಣಕಾಲು ಮೇಲೆ ಬರುವಂತೆ ಸೀಟನ್ನು ಮುಂದಕ್ಕೆ ಎಳೆದು ಕೂರಲು ವ್ಯಾಯಾಮದ ಡಾಕ್ಟರು ಹೇಳಿದರು. ಮರುದಿನ ಬೆಳಗ್ಗೆ ಹಾಗೇ ಕುಳಿತಳು. ದಿಂಬಿನ ದಪ್ಪವೂ ಸೀಟು ಸರಿದ ದೂರವೂ ಸೇರಿ, ಬೆಲ್ಟು ಎಂದಿಗಿಂತ ಹೆಚ್ಚು ಹೊರಗೆ ಬರಬೇಕಾಯಿತು. ಅವಳು ಎಳೆದಳು. ಸ್ವಲ್ಪ ಸಿಕ್ಕಿಕೊಂಡಿತು. ಮತ್ತೆ ಎಳೆದಳು.

ಕಂದು ಗೆರೆ ಅವಳ ಭುಜದ ಹತ್ತಿರ ಹೊರಗೆ ಬಂತು. ಅಂಚು ಅಲೆಯಲೆಯಾಗಿತ್ತು, ನಕ್ಷೆಯಲ್ಲಿ ಸಮುದ್ರತೀರ ಬರೆದ ಹಾಗೆ. ನಾವಿಬ್ಬರೂ ನೋಡಿದೆವು.

“ಚಹಾ ಚೆಲ್ಲಿರ್ಬೇಕು,” ಎಂದಳು. “ಹೋಟೆಲಿನ ಗಾಡಿಯಲ್ವಾ.”

ನಾನು ಕೀ ತಿರುಗಿಸಿದೆ. ಒಂದು ಕ್ಷಣ ನನಗಾದದ್ದು ದುಃಖವಲ್ಲ ಎಂಬುದನ್ನು ಬರೆಯಲೇಬೇಕು. ನನ್ನ ನೆನಪು ಸರಿಯಾಗಿತ್ತು ಎಂಬ ಒಂದು ಬಗೆಯ ಬಿಸಿ ಎದೆಯಲ್ಲಿ ಎದ್ದಿತು. ಶಿಲ್‌ಫಾಟಾ ತಲುಪುವುದರೊಳಗೆ ಅದೂ ಆರಿತು. ಆ ಕಲೆ ನೀರಿಗೆ ಸಾಕ್ಷಿಯೇ ಹೊರತು ನನ್ನ ನೆನಪಿಗೆ ಅಲ್ಲ. ಈ ಕಾರು ಎಲ್ಲೋ, ಎಂದೋ ಮುಳುಗಿದೆ ಎಂಬುದಷ್ಟೇ ಗೊತ್ತಾದದ್ದು. ನಾನು ನೋಡಿದ್ದು ಇದನ್ನೇ ಎಂದು ಅದು ಹೇಳುವುದಿಲ್ಲ. ಪಕ್ಕದಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಸಂಜೆ ಲ್ಯಾಬಿನ ಕತೆ ಹೇಳಲಿಲ್ಲ.

ಕಾರು ನಿಲ್ಲತೊಡಗಿದ್ದು ಅದೇ ಮಳೆಗಾಲದ ಕೊನೆಯಲ್ಲಿ. ಮೊದಲು ಸಿಗ್ನಲ್‌ಗಳಲ್ಲಿ ನಿಂತಿತು. ಆಮೇಲೆ ಐರೋಲಿ ಸೇತುವೆಯ ನಡುವೆ ನಿಂತಿತು. ಕೆಳಗೆ ಸಮುದ್ರ ಒಳಹೊಕ್ಕ ಖಾಡಿಯ ನೀರು ಇಳಿದಿತ್ತು, ಕೆಸರು ಕಾಣುತ್ತಿತ್ತು. ಅವಳು ಇಳಿದು ತಳ್ಳುವಂತಿಲ್ಲ, ಇಳಿದು ನಿಲ್ಲುವಂತೆಯೂ ಇಲ್ಲ. ಒಳಗೇ ಕುಳಿತು ಸ್ಟಿಯರಿಂಗ್ ಹಿಡಿದಳು. ನಾನೂ ಒಬ್ಬ ಟೆಂಪೋದವನೂ ಹಿಂದಿನಿಂದ ತಳ್ಳಿದೆವು. ಹಿಂದೆ ನಿಂತ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಹಿಂದಿನ ಗಾಜಿನಲ್ಲಿ ಅವಳ ತಲೆ ಕಾಣುತ್ತಿತ್ತು, ಅಲುಗಾಡದೆ. ಅವಳು ಆ ಹೊತ್ತಿಗೆ ಬೆಳಗಿನ ರಕ್ತದ ಮಾದರಿಗಳ ಮುಂದೆ ಇರಬೇಕಾಗಿತ್ತು. ಹೀಗೆ ಎಷ್ಟು ಸಲವಾಯಿತೋ ನಾನು ಎಣಿಸಲಿಲ್ಲ, ಆಸ್ಪತ್ರೆಯವರು ಎಣಿಸಿದರು. ಈ ಸಲವೂ ಮೆಲ್ಲಗೇ ಹೇಳಿದರು.

“ಇದನ್ನು ಮಾರಿ ಬೇರೆ ನೋಡೋಣ,” ಎಂದೆ ನಾನು.

“ಮಾರಿದ್ರೆ ಮಾವನಿಗೆ ಗೊತ್ತಾಗ್ತದೆ.”

“ಹೇಳಿಬಿಡೋಣ. ಬೆಲ್ಟು ತೋರಿಸೋಣ.”

“ಎಂತ ತೋರಿಸುವುದು? ನನ್ನನ್ನು ಸಾಕಿದವರಿಗೆ?” ಎಂದಳು. “ಅವರಿಗೆ ಗೊತ್ತಿದ್ದೂ ಕೊಟ್ಟದ್ದು ಅಂತಾದ್ರೆ ನಾನು ಎಂತ ಮಾಡ್ಲಿ? ನನಗೆ ಅದು ಗೊತ್ತಾಗುವುದೇ ಬೇಡ,” ಎಂದಳು.

ದೀಪಾವಳಿಗೆ ಮುಂಚೆ ಅವಳು ನಿವೃತ್ತಿಗೆ ಸಹಿ ಮಾಡಿದಳು. ಲ್ಯಾಬಿನವರು ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಅವಳು ಇನ್ನೂ ಡಬ್ಬದಿಂದ ತೆಗೆದಿಲ್ಲ.

ಮಾವನಿಗೆ ಫೋನಿನಲ್ಲಿ ಅವಳೇ ಹೇಳಿದಳು, ತನಗೇ ಸಾಕಾಯಿತು ಎಂದು. ಆ ಕಡೆಯಿಂದ ಬೈಗುಳ ಬಹಳ ಹೊತ್ತು ಬಂತು. “ನಿನ್ನನ್ನು ಓದಿಸಿದ್ದು ಮನೆಯಲ್ಲಿ ಕೂರ್ಲಿಕ್ಕಾ?” ಎಂಬುದು ನನಗೂ ಕೇಳಿಸಿತು. ಅವಳು “ಹೌದು ಮಾವ, ತಪ್ಪಾಯ್ತು ಮಾವ,” ಎನ್ನುತ್ತಾ ಕಿಟಕಿಯ ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಕಾರು ಬಿಲ್ಡಿಂಗಿನ ಕೆಳಗೆ ನಿಂತಿತು. ಕೆಲವು ಮಧ್ಯಾಹ್ನ ಅವಳು ಕೆಳಗಿಳಿದು ಅದರೊಳಗೆ ಹೋಗಿ ಕೂರುತ್ತಾಳೆ ಎಂದು ವಾಚ್‌ಮನ್ ಹೇಳಿದ. ಕೇಳಿದ್ದಕ್ಕೆ, “ಮನೆಯಲ್ಲಿ ಇರುವ ಕುರ್ಚಿಗಳಲ್ಲಿ ನನ್ನ ಬೆನ್ನಿಗೆ ಆಗುವುದು ಅದೊಂದೇ,” ಎಂದಳು. ಸೀಟಿನ ವಿಷಯದಲ್ಲಿ ನಾವು ತಪ್ಪು ಮಾಡಿರಲಿಲ್ಲ.

ಮಾವ ಬಂದದ್ದು ಚಳಿಗಾಲದಲ್ಲಿ. ಮಗ ತನ್ನ ದೊಡ್ಡ ಕಾರಿನಲ್ಲಿ ಬೆಳಗ್ಗೆ ಬಿಟ್ಟುಹೋಗಿದ್ದ. ಊಟ ಮಾಡಿ, ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು. “ಗಾಡಿ ಕೊಟ್ಟರೂ ಇವಳನ್ನು ಕೆಲಸಕ್ಕೆ ಬಿಡ್ಲಿಕ್ಕೆ ನಿಮಗೆ ಆಗ್ಲಿಲ್ವಾ, ಪ್ರೊಫೆಸರ್ರೆ?”

“ಟ್ರಾಫಿಕ್ಕು, ಮಾವ,” ಎಂದೆ.

“ಟ್ರಾಫಿಕ್ಕು! ನಾನು ಇದರಲ್ಲೇ ದಿನಾ ವಾಶಿಗೆ ಹೋಗಿ ಬರ್ತಿದ್ದೆ.” ಎದ್ದರು. “ಆಯ್ತು, ಠಾಣೆಯಲ್ಲಿ ನಮ್ಮವರ ಮನೆಯಲ್ಲೊಂದು ಪೂಜೆ ಉಂಟು. ಅಲ್ಲಿ ತನಕ ಬಿಡಿ. ನಮ್ಮ ಗಾಡಿಯಲ್ಲಿ ಒಮ್ಮೆ ಕೂತ ಹಾಗೂ ಆಯ್ತು.”

ಕೆಳಗೆ ಹೋದಾಗ ಅವರ ಕೈ ಮುಂದಿನ ಬಾಗಿಲಿನ ಮೇಲಿತ್ತು. ಆ ಹೊಟ್ಟೆಗೆ ಬೆಲ್ಟು ಎಷ್ಟು ಹೊರಗೆ ಬರಬೇಕಾದೀತು ಎಂದು ನಾನು ಯೋಚಿಸುವಷ್ಟರಲ್ಲಿ ಹೆಂಡತಿ ನಡುವೆ ಬಂದಿದ್ದಳು. “ಹಿಂದೆ ಕೂತ್ಕೊಳ್ಳಿ ಮಾವ. ಆರಾಮ ಆಗ್ತದೆ.” ತಾನು ಮುಂದೆ ಕುಳಿತಳು. ಅಂದು ದಿಂಬು ಮೇಲೆ ಮನೆಯಲ್ಲೇ ಉಳಿದಿತ್ತು, ಆದರೆ ಸೀಟು ಮುಂದಕ್ಕೆ ಸರಿದೇ ಇತ್ತು. ಬೆಲ್ಟು ಎಳೆದು ಹಾಕಿಕೊಂಡು, ಕಲೆ ಕಂಡ ಕಡೆ ಸೆರಗನ್ನು ಎಳೆದು ಮುಚ್ಚಿ ಕೈ ಇಟ್ಟುಕೊಂಡಳು.

ಅಂದು ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

“ನೋಡಿ!” ಎಂದರು ಮಾವ ಹಿಂದಿನಿಂದ. “ಈ ಗಾಡಿಯ ಗುಂಡಿಗೆ ನೋಡಿ. ಆ ದೊಡ್ಡ ಮಳೆ ಬಂತಲ್ಲ, ಆಗ ಇದಕ್ಕೆ ಸೀಟಿನ ತನಕ ನೀರು. ಹೋಟೆಲಿನ ಫ್ಯಾನು ಇಟ್ಟು ಒಣಗಿಸಿದ್ದು ನಾನು. ಎಲ್ಲರೂ ಮಾರಿ ಮಾರಿ ಅಂದ್ರು. ನಾನು ಮಾರ್ಲಿಲ್ಲ. ಇವತ್ತಿಗೂ ಓಡ್ತದೆ!”

ಕೇಳಿದ್ದರೆ ಹೇಳುತ್ತಿದ್ದರು. ಬನ್ಸು ತಿನ್ನುತ್ತಾ, ಇದೇ ಹೆಮ್ಮೆಯಿಂದ, ಇದೇ ಮಾತುಗಳಲ್ಲಿ ಹೇಳುತ್ತಿದ್ದರು. ನಾವು ಬಜಾರಿನಿಂದ ಇನ್ನೊಂದನ್ನು ಆರಿಸಬಹುದಾಗಿತ್ತು, ಅಥವಾ ಆರಿಸದೆ ಇರಬಹುದಾಗಿತ್ತು. ನಾನು ಅವಳ ಕಡೆ ನೋಡಲಿಲ್ಲ. ರಸ್ತೆ ನೋಡಿದೆ.

“ಪ್ರೊಫೆಸರ್ರೆ, ಆವತ್ತು ನೀವೂ ಬಂದಿದ್ರಲ್ಲ? ಪ್ಯಾಂಟು ಮಡಚಿಕೊಂಡು? ನಮ್ಮ ಗೋಣಿ ಬಿಚ್ಚಿ ತೆಂಗಿನಕಾಯಿಯೆಲ್ಲ ಕಾಂಪೌಂಡಿನಲ್ಲಿ ತೇಲ್ತಿತ್ತು. ನೆನಪುಂಟಾ ನಿಮಗೆ?”

ಶಿಲ್‌ಫಾಟಾದ ಸಿಗ್ನಲ್ ಕೆಂಪಾಯಿತು. ಎಂಜಿನ್ನು ನಿಂತುಹೋಗದಿರಲೆಂದು ಕಾಲನ್ನು ಮೆಲ್ಲಗೆ ಒತ್ತಿ ಹಿಡಿದೆ. ಪಕ್ಕದಲ್ಲಿ ಅವಳ ಉಸಿರು ಕೇಳುತ್ತಿತ್ತು.

“ಇಲ್ಲ ಮಾವ,” ಎಂದೆ. “ನನಗೆ ನೆನಪಿಲ್ಲ.”

“ಇವರಿಗೆ ಎಂತದೂ ನೆನಪಿರುವುದಿಲ್ಲ,” ಎಂದಳು ಅವಳು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ಠಾಣೆ ಬರುವವರೆಗೆ ಸೆರಗಿನ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ.